ಆಲೂಗಡ್ಡೆ: ಮುಂಗಾರಿಗೋ, ಹಿಂಗಾರಿಗೋ?

ಹಾಸನದ ಕಡೆ ಆಲೂಗಡ್ಡೆ ಎಂದರೆ ಮುಂಗಾರಿನ ಬೆಳೆ. ಮೇ, ಜೂನ್‌ನಲ್ಲಿ ಬಿತ್ತನೆ, ಮೂರು ತಿಂಗಳಲ್ಲಿ ಕೊಯ್ಲು, ನೀರಿಗೆ ಮಳೆಯೇ ಆಧಾರ. ಖರ್ಚು ಕಡಿಮೆ, ಎದೆಬಡಿತ ಮಾತ್ರ ಜಾಸ್ತಿ: ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡುತ್ತದೆ. ಕತ್ತರಿಸಿ ನೆಟ್ಟ ಬಿತ್ತನೆ ಗಡ್ಡೆ ಹಸಿ ಮಣ್ಣಿನಲ್ಲಿ ಕೊಳೆಯುವುದೂ ಉಂಟು.

ಅಕ್ಟೋಬರ್, ನವೆಂಬರ್‌ನಲ್ಲಿ ನೆಟ್ಟು ಚಳಿಗಾಲದ ಕೊನೆಗೆ ಕೀಳುವ ಹಿಂಗಾರಿನ ಬೆಳೆಯ ಸ್ವಭಾವವೇ ಬೇರೆ. ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ನಮ್ಮ ಬಯಲುಸೀಮೆಯ ಚಳಿ ಅದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ನೀರು ನಿಮ್ಮದೇ ಆಗಬೇಕು. ಕೊಳವೆಬಾವಿ ಡಿಸೆಂಬರ್‌ನಲ್ಲೇ ಏದುಸಿರು ಬಿಡುವುದಾದರೆ ಈ ಆಸೆ ಬೇಡ.

ಹಲವರು ಎಡವುವುದು ಬಿತ್ತನೆಯಲ್ಲಿ. ಮುಂಗಾರಿನಲ್ಲಿ ಕಿತ್ತ ಹೊಸ ಗಡ್ಡೆಯನ್ನೇ ಮತ್ತೆ ನೆಡುತ್ತಾರೆ. ಅದಕ್ಕೆ ಮೊಳೆಯದೆ ಮಲಗುವ ಸುಮಾರು ಎರಡು ತಿಂಗಳ ನಿದ್ರೆ ಇದೆ, ಎಬ್ಬಿಸಿದರೂ ಏಳದು! ಶೀತಲಗೃಹದಲ್ಲಿಟ್ಟ ಹಳೆಯ ಬಿತ್ತನೆಯನ್ನು ತಂದು, ನೆರಳಿನಲ್ಲಿ ಹರಡಿ, ಗಿಡ್ಡ ಗಟ್ಟಿ ಮೊಳಕೆ ಬಂದ ಮೇಲೆ ನೆಡಿ.

ಹಿಂಗಾರಿನಲ್ಲಿ ಅಂಗಮಾರಿಯ ಕಾಟ ಕಡಿಮೆಯಾದರೂ ಬಿಸಿಲೇರಿದಂತೆ ಗಡ್ಡೆ ಪತಂಗ, ಅಂದರೆ ಗಡ್ಡೆ ಕೊರೆಯುವ ಹುಳುವಿನ ಚಿಟ್ಟೆ, ಬರುತ್ತದೆ. ಗಿಡದ ಬುಡಕ್ಕೆ ಮಣ್ಣು ಏರಿಸದೆ ಹೊರಗೆ ಕಾಣುವ ಗಡ್ಡೆಯೇ ಅದಕ್ಕೆ ಹಬ್ಬ.

ನೀರು ಗಟ್ಟಿಯಿದ್ದರೆ ನಾನು ಹಿಂಗಾರನ್ನೇ ಆರಿಸುತ್ತೇನೆ, ಆದರೆ ನವೆಂಬರ್ ದಾಟಿಸುವುದಿಲ್ಲ. ತಡವಾದರೆ ಗಡ್ಡೆ ಬಲಿಯುವ ಹೊತ್ತಿಗೆ ಸೆಕೆ ಶುರುವಾಗಿರುತ್ತದೆ.