ಮನಸ್ಸಿಗೆ ಹಿಡಿಸುವ ಕೊಲೆಗಾರ: ಮೂರು ಸಿನಿಮಾಗಳ ಹೋಲಿಕೆ

1960ರ ‘ಸೈಕೋ’, ಅದೇ ವರ್ಷದ ಬ್ರಿಟಿಷ್ ಚಿತ್ರ ‘ಪೀಪಿಂಗ್ ಟಾಮ್’, 1992ರ ಬೆಲ್ಜಿಯಂ ಚಿತ್ರ ‘ಮ್ಯಾನ್ ಬೈಟ್ಸ್ ಡಾಗ್’. ಮೂರರಲ್ಲೂ ಕೊಲೆಗಾರ ಇಷ್ಟವಾಗುತ್ತಾನೆ. ಮೊದಲು ನೋಡಬೇಕಾದ್ದು ‘ಸೈಕೋ’. ಹೆಚ್ಚು ದಿನ ಕಾಡುವುದು ಬೆಲ್ಜಿಯಂನದು. (ಕತೆಯ ಗುಟ್ಟುಗಳು ಮುಂದೆ ಬರುತ್ತವೆ.)

‘ಸೈಕೋ’ದ ಶವರ್ ಕೆಳಗಿನ ಕೊಲೆ ದೃಶ್ಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹಿಚ್‌ಕಾಕ್‌ನ ನಿಜವಾದ ಕೈಚಳಕ ಅದರ ನಂತರದ್ದು. ಕೊಲೆಯಾದವಳ ಶವವಿಟ್ಟು ಮೋಟೆಲ್ ಮಾಲೀಕ ನಾರ್ಮನ್ ಜೌಗಿಗೆ ತಳ್ಳಿದ ಕಾರು ಅರ್ಧ ಮುಳುಗಿ ನಿಂತುಬಿಡುತ್ತದೆ. ‘ಅಯ್ಯೋ, ಮುಳುಗಲಿ’ ಎಂದು ನೋಡುಗನ ಮನಸ್ಸೇ ಬೇಡುತ್ತದೆ. ಕೊನೆಯಲ್ಲಿ ಮನೋವೈದ್ಯನ ಉದ್ದನೆಯ ವಿವರಣೆ ಮಾತ್ರ ಬಿಸಿಯನ್ನೆಲ್ಲ ಆರಿಸುತ್ತದೆ.

ಮೈಕೇಲ್ ಪವೆಲ್‌ನ ‘ಪೀಪಿಂಗ್ ಟಾಮ್’ ಕನಿಕರದ ದಾರಿ ಹಿಡಿಯುತ್ತದೆ. ಕೊಲೆಗಾರ ಮಾರ್ಕ್‌ನ ಕ್ಯಾಮೆರಾ ಸ್ಟ್ಯಾಂಡಿನ ಕಾಲೇ ಆಯುಧ. ಸಾಯುವವರು ತಮ್ಮ ಭಯವನ್ನು ತಾವೇ ನೋಡಲೆಂದು ಕನ್ನಡಿಯೂ ಇದೆ. ಮಗುವಾಗಿದ್ದ ಮಾರ್ಕ್‌ನನ್ನು ಹೆದರಿಸಿ ಚಿತ್ರೀಕರಿಸುವ ಅಪ್ಪನಾಗಿ ಪವೆಲ್ ತಾನೇ ನಿಂತ, ಮಗುವಾಗಿ ತನ್ನ ಮಗನನ್ನೇ ನಿಲ್ಲಿಸಿದ. ಬ್ರಿಟನ್ನಿನ ವಿಮರ್ಶಕರು ಚಿತ್ರವನ್ನು ಹರಿದು ಹಾಕಿದರು, ಅಲ್ಲಿ ಅವನ ವೃತ್ತಿಜೀವನಕ್ಕೆ ದೊಡ್ಡ ಪೆಟ್ಟು ಬಿತ್ತು. ಲಂಡನ್ನಿನ ಹುಡುಗನಾದ ಮಾರ್ಕ್‌ನ ಬಾಯಲ್ಲಿ ಜರ್ಮನ್ ಉಚ್ಚಾರಣೆ ಆಗಾಗ ಕಿವಿಗೆ ತಾಗುತ್ತದೆ.

‘ಮ್ಯಾನ್ ಬೈಟ್ಸ್ ಡಾಗ್’ ಮೋಸ ಮಾಡುವುದು ನಗಿಸಿ. ಕಪ್ಪು-ಬಿಳುಪು, ಕೈಯಲ್ಲೇ ಹಿಡಿದ ಕ್ಯಾಮೆರಾ, ಸಾಕ್ಷ್ಯಚಿತ್ರದ ಧಾಟಿ. ಕೊಲೆಗಾರ ಬೆನ್‌ನ ಹಿಂದೆ ಒಂದು ಚಿತ್ರತಂಡ ಕ್ಯಾಮೆರಾ ಹಿಡಿದು ಅಲೆಯುತ್ತದೆ. ಅವನು ಕವಿತೆ ಹೇಳುತ್ತಾನೆ, ಅಮ್ಮನ ಜೊತೆ ಹರಟುತ್ತಾನೆ. ಆ ಅಮ್ಮ, ಬೆನ್ ಪಾತ್ರದ ನಟ ಬೆನ್ವಾ ಪುಲ್ವೋರ್ಡ್‌ನ ಸ್ವಂತ ತಾಯಿ. ಹೃದಯದ ಕಾಯಿಲೆಯ ಮುದುಕಿಯನ್ನು ಗುಂಡು ಹಾರಿಸದೆ ಬರೀ ಕೂಗಿ ಹೆದರಿಸಿ ಸಾಯಿಸಿ, ಗುಂಡು ಉಳಿಸಿದ ಜಾಣತನವನ್ನು ಕ್ಯಾಮೆರಾಗೆ ವಿವರಿಸುತ್ತಾನೆ. ಮೊದಲು ಸುಮ್ಮನೆ ನೋಡುವ ಚಿತ್ರತಂಡ ಆಮೇಲೆ ಹೆಣ ಹೊರುತ್ತದೆ, ಅವನ ಹಣದಲ್ಲೇ ಶೂಟಿಂಗ್ ಮುಂದುವರಿಸುತ್ತದೆ. ಸೌಂಡ್ ಹುಡುಗರು ಒಬ್ಬರ ಹಿಂದೊಬ್ಬರು ಸತ್ತಾಗ ಆ ತಂಡದ ನಿರ್ದೇಶಕ ಹೇಳುವ ಸಂತಾಪವೂ ಅದೇ ಅದೇ. ನಂತರ ಒಂದು ರಾತ್ರಿ ತಂಡವೆಲ್ಲ ಅತ್ಯಾಚಾರದಲ್ಲಿ ಪಾಲುಗೊಳ್ಳುತ್ತದೆ. ಅಲ್ಲಿಗೆ ನಗು ಸತ್ತಂತೆ. ಅಲ್ಲಿಯವರೆಗೆ ನಕ್ಕಿದ್ದೆಲ್ಲ ಗಂಟಲಲ್ಲಿ ಮುಳ್ಳಾಗುತ್ತದೆ.

ಅಂಥ ದೃಶ್ಯ ತಾಳಲಾರದವರು ಬೆಲ್ಜಿಯಂ ಚಿತ್ರವನ್ನು ಬಿಟ್ಟು ‘ಪೀಪಿಂಗ್ ಟಾಮ್’ ನೋಡಲಿ. ಅಲ್ಲಿ ರಕ್ತ ತೀರಾ ಕಡಿಮೆ. ಬೆಲ್ಜಿಯಂ ಚಿತ್ರ ನೋಡುವವರಿಗೆ ಡಬ್ಬಿಂಗ್ ಬೇಡ, ಫ್ರೆಂಚ್ ಮೂಲವನ್ನೇ ಸಬ್‌ಟೈಟಲ್ ಜೊತೆ ನೋಡಬೇಕು. ಬೆನ್‌ನ ಮೋಡಿಯೆಲ್ಲ ಅವನ ಮಾತಿನ ಓಟದಲ್ಲಿದೆ. ಗೆಳೆಯರ ಗುಂಪಿನಲ್ಲಿ ಕೂತು ನೋಡಿದರೆ ನಗುವೇ ಗೆದ್ದುಬಿಡುತ್ತದೆ, ಒಬ್ಬರೇ ನೋಡಿ. ಕೊನೆಯ ಶಾಟ್‌ಗೆ ಮುಂಚೆ ನಿಲ್ಲಿಸಬೇಡಿ: ಕ್ಯಾಮೆರಾ ನೆಲಕ್ಕೆ ಬಿದ್ದ ಮೇಲೂ ರೀಲು ಓಡುತ್ತಲೇ ಇರುತ್ತದೆ.