ಲೈಟ್ ಮೈಕ್ರೋಸ್ಕೋಪ್, ಟಿಇಎಂ: ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಸೀದಾ ದೂರಿನಿಂದಲೇ ಶುರು ಮಾಡುತ್ತೇನೆ. ಟಿಇಎಂ, ಅಂದರೆ ಬೆಳಕಿನ ಬದಲು ಎಲೆಕ್ಟ್ರಾನ್ ಬೀಮ್ ಹಾಯಿಸಿ ನೋಡುವ ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಅದರ ವಿಷಯದಲ್ಲಿ ನನಗೆ ತಲೆ ಕೆಡಿಸಿರುವುದು ಒಂದೇ, ಕರಿ ಚುಕ್ಕೆ. ಜೀವಕೋಶದ ತೆಳು ಸೀಳು, ಅಂದರೆ ಸೆಕ್ಷನ್, ಕೂರಿಸಿದ ಪುಟ್ಟ ಜಾಲರಿ ಗ್ರಿಡ್. ಅದನ್ನು ಒಳಗೆ ಹಾಕಿ, ವ್ಯಾಕ್ಯೂಮ್ ಸರಿಹೋಗುವ ತನಕ ಕಾದು, ಬೀಮ್ ಬಿಟ್ಟು ನೋಡಿದರೆ ಮೈಟೋಕಾಂಡ್ರಿಯಾ ಮೇಲೆಲ್ಲ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಕಾಳು. ಅದು ಜೀವಕೋಶದ್ದಲ್ಲ. ವಿವರ ಎದ್ದು ಕಾಣಲಿ ಅಂತ ಲೆಡ್ ಸಿಟ್ರೇಟ್ ಅನ್ನುವ ಒಂದು ಸ್ಟೇನ್ ಹಾಕುತ್ತೇವಲ್ಲ, ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೋಕಿದ ಕೂಡಲೇ ಲೆಡ್ ಕಾರ್ಬೊನೇಟ್ ಆಗಿ ಸೆಕ್ಷನ್ ಮೇಲೆ ಕೂತುಬಿಡುತ್ತದೆ. ನಾವು ಬಿಡುವ ಉಸಿರೂ ಸಾಕು ಅದಕ್ಕೆ. ಅದಕ್ಕೇ ಪೆಟ್ರಿ ಡಿಶ್ ಒಳಗೆ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳನ್ನು ಇಡುತ್ತೇವೆ. ಒಳಗಿನ ಕಾರ್ಬನ್ ಡೈಆಕ್ಸೈಡನ್ನು ಅವು ಹೀರಿಕೊಳ್ಳಲಿ ಅಂತ. ಮುಚ್ಚಳ ಸ್ವಲ್ಪವೇ ಎತ್ತಿ, ಮುಖ ಆ ಕಡೆ ತಿರುಗಿಸಿ, ಗ್ರಿಡ್ಡನ್ನು ಸ್ಟೇನ್ ಹನಿಯ ಮೇಲೆ ಬೋರಲು ಹಾಕಿ, ತಕ್ಷಣ ಮುಚ್ಚಬೇಕು. ಇಷ್ಟೆಲ್ಲ ಜಾಗ್ರತೆ ಮಾಡಿದರೂ ಕೆಲವು ಸಲ ಚುಕ್ಕೆ ಬಂದೇ ಬರುತ್ತದೆ.

ಇದು ಯಾಕೆ ಇಷ್ಟು ಸಿಟ್ಟು ತರಿಸುತ್ತದೆ ಅಂದರೆ, ಆ ಚುಕ್ಕೆ ಕಾಣುವ ಹೊತ್ತಿಗೆ ಒಂದು ವಾರದ ಕೆಲಸ ಅದರ ಹಿಂದೆ ಇರುತ್ತದೆ. ಗ್ಲುಟರಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಬೇಕು, ಅಂದರೆ ಜೀವಕೋಶ ಇದ್ದ ಹಾಗೇ ಕೆಡದೆ ನಿಲ್ಲುವಂತೆ ಮಾಡಬೇಕು. ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡ್. ಇದರ ಆವಿ ಕಣ್ಣಿಗೆ ತುಂಬ ಅಪಾಯ, ಫ್ಯೂಮ್ ಹುಡ್ ಬಿಟ್ಟು ಹೊರಗೆ ಬಾಟಲಿ ತೆರೆಯುವ ಮಾತೇ ಇಲ್ಲ. ಆಮೇಲೆ ಹಂತ ಹಂತವಾಗಿ ಆಲ್ಕೋಹಾಲ್ ಹೆಚ್ಚಿಸುತ್ತ ನೀರನ್ನೆಲ್ಲ ತೆಗೆಯಬೇಕು, ಆಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್‌ನಂಥ ರೆಸಿನ್ ಇಳಿಸಬೇಕು, 60 ಡಿಗ್ರಿ ಓವನ್‌ನಲ್ಲಿ ಎರಡು ದಿನ ಇಟ್ಟು ಗಟ್ಟಿ ಮಾಡಬೇಕು. ವ್ಯಾಕ್ಯೂಮ್ ಒಳಗೆ ಹಸಿ ಜೀವಕೋಶ ನಿಲ್ಲುವುದಿಲ್ಲ, ಹಾಗಾಗಿ ಇದರಲ್ಲಿ ಒಂದು ಹಂತವನ್ನೂ ಬಿಡುವ ಹಾಗಿಲ್ಲ. ಇನ್ನು ನನ್ನಂಥವರಿಗೆ ಟಿಇಎಂ ಸಿಗುವುದು ಗಂಟೆ ಲೆಕ್ಕದಲ್ಲಿ, ನಾಲ್ಕಾರು ಗುಂಪುಗಳ ಜೊತೆ ಹಂಚಿಕೊಂಡು. ಸೆಕ್ಷನ್ ಹಾಳಾಗಿದ್ದರೂ ಗಂಟೆಯ ದುಡ್ಡು ಹೋಗುತ್ತದೆ. ಕಿಲೋವೋಲ್ಟ್ ಎಷ್ಟು, ಎಷ್ಟು ಲಕ್ಷ ಪಟ್ಟು ದೊಡ್ಡದು ಮಾಡುತ್ತದೆ, ಅದೆಲ್ಲ ಬ್ರೋಷರ್‌ನಲ್ಲೇ ಇದೆ, ಬಿಡಿ. ಈ ಚುಕ್ಕೆಯ ಸುದ್ದಿ ಮಾತ್ರ ಅಲ್ಲಿ ಇರುವುದಿಲ್ಲ.

ಲೈಟ್ ಮೈಕ್ರೋಸ್ಕೋಪ್ ಕಥೆಯೇ ಬೇರೆ. ಅದು ನನ್ನ ಮೇಜಿನ ಮೇಲೇ ಇದೆ, ದಿನಾ ಬೆಳಗ್ಗೆ ಮೊದಲು ಕೈ ಹೋಗುವುದು ಅದಕ್ಕೇ. ಕವರ್ ತೆಗೆದು, ಲ್ಯಾಂಪ್ ಹಾಕಿ, 10 ಎಕ್ಸ್‌ನಲ್ಲಿ ಯಾವುದಾದರೂ ಸ್ಲೈಡ್ ಫೋಕಸ್ ಮಾಡುತ್ತೇನೆ. ಆಮೇಲೆ ಕೆಳಗಿನ ಫೀಲ್ಡ್ ಡಯಾಫ್ರಾಮ್, ಅಂದರೆ ಲ್ಯಾಂಪಿನ ಬೆಳಕಿನ ಕಿಂಡಿ, ಪೂರ್ತಿ ಮುಚ್ಚಿ, ಬೆಳಕನ್ನು ಸ್ಲೈಡ್ ಮೇಲೆ ಕೂಡಿಸುವ ಲೆನ್ಸ್ ಆದ ಕಂಡೆನ್ಸರ್ ಮೇಲೆ ಕೆಳಗೆ ಆಡಿಸುತ್ತೇನೆ, ಬೆಳಕಿನ ಚಿಕ್ಕ ಕಿಂಡಿಯ ಅಂಚು ಚೂಪಾಗಿ ಕಾಣುವ ತನಕ. ಆ ಕಿಂಡಿ ಸಾಮಾನ್ಯವಾಗಿ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ, ಎರಡು ಸ್ಕ್ರೂ ತಿರುಗಿಸಿ ನಡುವಿಗೆ ತಂದು, ನೋಟದ ಅಂಚಿನಿಂದ ಆಚೆ ಹೋಗುವಷ್ಟು ಮಾತ್ರ ತೆರೆಯುತ್ತೇನೆ. ಕೊನೆಗೆ ಐಪೀಸ್ ಕಿತ್ತು ಕೊಳವೆಯೊಳಗೆ ಇಣುಕಿ, ಕಂಡೆನ್ಸರ್ ಡಯಾಫ್ರಾಮನ್ನು ಮುಕ್ಕಾಲು ಭಾಗದಷ್ಟಕ್ಕೆ ಇಡುತ್ತೇನೆ. ಜರ್ಮನಿಯ ವಿಜ್ಞಾನಿ ಆಗಸ್ಟ್ ಕೋಲರ್ 1893ರಲ್ಲಿ ಹೇಳಿಕೊಟ್ಟ ವಿಧಾನ ಇದು, ಇವತ್ತಿಗೂ ಬದಲಾಗಿಲ್ಲ. ಮಾಡಿ ಮುಗಿಸಲು ಎರಡು ನಿಮಿಷ ಬೇಡ. ಸುಮ್ನೆ ಈ ಕಂಡೆನ್ಸರ್ ಡಯಾಫ್ರಾಮ್ ಪೂರ್ತಿ ಬಿಗಿ ಮಾಡಿ ಚಿತ್ರ ಕಪ್ಪು ಬಿಳುಪಾಗಿ ಎದ್ದು ಕಂಡಿತು ಅಂತ ಖುಷಿಪಡುವವರು ತುಂಬ ಜನ, ಆದರೆ ಹಾಗೆ ಮಾಡಿದರೆ ಸೂಕ್ಷ್ಮ ವಿವರ ಹೋಗುತ್ತದೆ.

ಹೈಡ್ರಿಲ್ಲಾ ಎಲೆ ಒಂದನ್ನು ನೀರಿನ ಹನಿಯಲ್ಲಿಟ್ಟು, ಕವರ್‌ಸ್ಲಿಪ್ ಮುಚ್ಚಿ, ಬೆಳಕಿನಡಿ ಸ್ವಲ್ಪ ಹೊತ್ತು ಬಿಡಿ. ಕ್ಲೋರೋಪ್ಲಾಸ್ಟ್‌ಗಳು ಒಂದರ ಹಿಂದೆ ಒಂದು ಗೋಡೆಯ ಉದ್ದಕ್ಕೂ ಹರಿಯಲು ಶುರು ಮಾಡುತ್ತವೆ. ಇಷ್ಟು ವರ್ಷ ನೋಡಿದರೂ ನನಗೆ ಇದು ಹಳತಾಗಿಲ್ಲ. ಜೀವ ಇರುವುದನ್ನು ಜೀವಂತವಾಗಿಯೇ ನೋಡಬೇಕು ಅಂದರೆ ಇದೇ ದಾರಿ.

ಹಾಗಂತ ಇದರ ಮಿತಿ ಸಣ್ಣದಲ್ಲ. 100 ಎಕ್ಸ್ ಆಯಿಲ್ ಆಬ್ಜೆಕ್ಟಿವ್ (ಸ್ಲೈಡಿಗೂ ಲೆನ್ಸಿಗೂ ನಡುವೆ ಎಣ್ಣೆ ಹನಿ ಹಾಕಿ ನೋಡುವ ಲೆನ್ಸ್), ಎನ್‌ಎ (ಲೆನ್ಸ್ ಎಷ್ಟು ಅಗಲ ಕೋನದ ಬೆಳಕು ಹಿಡಿಯುತ್ತದೆ ಅನ್ನುವ ಅಳತೆ) 1.25, ಹಸಿರು ಬೆಳಕು ಅಂದುಕೊಳ್ಳಿ. ಸುಮಾರು 220 ನ್ಯಾನೋಮೀಟರ್‌ಗಿಂತ ಹತ್ತಿರ ಇರುವ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಆಬೆ 1873ರಲ್ಲೇ ಇದರ ಕಾರಣ ಹೇಳಿದ್ದರು, ಇಲ್ಲಿ ಅಡ್ಡ ಬರುವುದು ಬೆಳಕಿನ ತರಂಗದ ಉದ್ದ. ಆದ್ದರಿಂದ 25 ಎಕ್ಸ್ ಐಪೀಸ್ ಕೊಟ್ಟು 2500 ಪಟ್ಟು ಅಂತ ಮಾರುವವರ ಮಾತು ನಂಬಬೇಡಿ. ಚಿತ್ರ ದೊಡ್ಡದಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ಮೈಟೋಕಾಂಡ್ರಿಯಾ ದಾರದ ಹಾಗೆ ಕಾಣಬಹುದು, ಒಳಗಿನ ಮಡಿಕೆ ಕಾಣುವುದಿಲ್ಲ. ರೈಬೋಸೋಮ್ ಅಂತೂ 25 ನ್ಯಾನೋಮೀಟರ್ ಆಸುಪಾಸು, ಕೋಶದ ಪೊರೆ 7–8 ನ್ಯಾನೋಮೀಟರ್ ದಪ್ಪ. ಈ ಮಿತಿ ದಾಟುವ ಫ್ಲೋರೆಸೆನ್ಸ್ ವಿಧಾನಗಳಿಗೆ 2014ರಲ್ಲಿ ನೊಬೆಲ್ ಬಂತು, ನಿಜ. ಆ ಯಂತ್ರ ನನ್ನ ಬಜೆಟ್‌ಗೆ ಎಟುಕುವುದಲ್ಲ, ಹಾಗಾಗಿ ಅದರ ಬಗ್ಗೆ ಮಾತಾಡುವುದಿಲ್ಲ.

ಇನ್ನೊಂದು ಕಿರಿಕಿರಿ. ಹಂಚಿಕೊಂಡು ಬಳಸುವ ಕಡೆ ಯಾರಾದರೂ 100 ಎಕ್ಸ್ ಆದ ಮೇಲೆ 40 ಎಕ್ಸ್‌ನ್ನು ಎಣ್ಣೆಯೊಳಗೆ ತಿರುಗಿಸಿ ಹೋಗಿರುತ್ತಾರೆ. ಅದು ಒಣ ಲೆನ್ಸ್. ಮರುದಿನ ಎಲ್ಲ ಮಸುಕು ಮಸುಕು. ಲೆನ್ಸ್ ಪೇಪರ್ ಪಕ್ಕದಲ್ಲೇ ಇಡಿ, ಟಿಶ್ಯೂ ಬೇಡ.

ಇನ್ನು ಟಿಇಎಂ ಮೇಲಿನ ಸಿಟ್ಟು ಇಳಿದದ್ದು ಹೇಗೆ ಅಂತ ಹೇಳಬೇಕು. ಅದಕ್ಕೆ ಕಾರಣ ಆ ಯಂತ್ರ ಅಲ್ಲ, ಪಕ್ಕದ ಕೋಣೆಯ ಅಲ್ಟ್ರಾಮೈಕ್ರೋಟೋಮ್, ಅಂದರೆ ಬ್ಲಾಕನ್ನು ತೀರಾ ತೆಳುವಾಗಿ ಕತ್ತರಿಸುವ ಯಂತ್ರ. ರೆಸಿನ್ ಬ್ಲಾಕ್‌ನಿಂದ ಮೊದಲು ಅರ್ಧದಿಂದ ಒಂದು ಮೈಕ್ರಾನ್ ದಪ್ಪದ ಸೆಕ್ಷನ್ ತೆಗೆದು, ಟೊಲುಯಿಡಿನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿ, ಹಾಟ್ ಪ್ಲೇಟ್ ಮೇಲೆ ಬಿಸಿ ಮಾಡಿ, ತೊಳೆದು, ಅದೇ ನನ್ನ ಲೈಟ್ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತೇನೆ. ಇಷ್ಟು ಚೊಕ್ಕ ಚಿತ್ರ ಮಾಮೂಲಿ ಪ್ಯಾರಾಫಿನ್ ಸೆಕ್ಷನ್‌ನಲ್ಲಿ ನನಗೆ ಯಾವತ್ತೂ ಸಿಕ್ಕಿಲ್ಲ. ಯಾವ ಜೀವಕೋಶ ಬೇಕು ಅಂತ ಇಲ್ಲೇ ತೀರ್ಮಾನ ಆಗುತ್ತದೆ. ಬೇಡದ್ದನ್ನೆಲ್ಲ ಬ್ಲೇಡ್‌ನಿಂದ ಕೆತ್ತಿ, ಬ್ಲಾಕ್‌ನ ಮುಖ ಸಣ್ಣದು ಮಾಡಿಕೊಂಡು, ಆಮೇಲೆ ವಜ್ರದ ಚಾಕು.

ಚಾಕುವಿನ ಹಿಂದೆ ಪುಟ್ಟ ತೊಟ್ಟಿಯಲ್ಲಿ ನೀರು ಇರುತ್ತದೆ. ಸೆಕ್ಷನ್‌ಗಳು ಕತ್ತರಿಸಿ ಬರುತ್ತ ಒಂದಕ್ಕೊಂದು ಅಂಟಿಕೊಂಡು ಪಟ್ಟಿಯಾಗಿ ನೀರಿನ ಮೇಲೆ ತೇಲುತ್ತವೆ. ಬಣ್ಣ ನೋಡಿಯೇ ದಪ್ಪ ಗೊತ್ತಾಗುತ್ತದೆ. ನೇರಳೆ ಬಂದರೆ ತುಂಬ ದಪ್ಪ, ಬಂಗಾರದ ಬಣ್ಣ ಅದಕ್ಕಿಂತ ತೆಳು, ಆದರೂ ಸ್ವಲ್ಪ ದಪ್ಪವೇ, ಬೆಳ್ಳಿ ಬಂದರೆ 60ರಿಂದ 90 ನ್ಯಾನೋಮೀಟರ್, ನಮಗೆ ಬೇಕಾದದ್ದು ಅದೇ. ಬೆಳ್ಳಿ ಪಟ್ಟಿ ಬಂದಾಗ ಆಗುವ ಖುಷಿ ಏನು ಹೇಳಲಿ. ಕ್ಲೋರೋಫಾರ್ಮ್ ಅದ್ದಿದ ಕಡ್ಡಿಯನ್ನು ಮೇಲಿಂದ ಒಮ್ಮೆ ಆಡಿಸಿದರೆ ಸುಕ್ಕೆಲ್ಲ ಬಿಚ್ಚಿಕೊಳ್ಳುತ್ತದೆ. ಆಮೇಲೆ ಕಡ್ಡಿಯ ತುದಿಗೆ ಅಂಟಿಸಿದ ಕಣ್ರೆಪ್ಪೆಯ ಒಂದೇ ಕೂದಲಿನಿಂದ ಪಟ್ಟಿಯನ್ನು ಮೆಲ್ಲಗೆ ತಳ್ಳಿ, ಮೂರು ಮಿಲಿಮೀಟರ್ ಅಗಲದ ತಾಮ್ರದ ಗ್ರಿಡ್ ಮೇಲೆ ಎತ್ತಿಕೊಳ್ಳಬೇಕು. ಇಷ್ಟು ದೊಡ್ಡ ಕೆಲಸಕ್ಕೆ ಕೊನೆಗೆ ಸಲಕರಣೆ ಒಂದು ರೆಪ್ಪೆ ಕೂದಲು, ನೋಡಿ!

ಆ ಗ್ರಿಡ್ ಸರಿಯಾಗಿ ಬಂದ ದಿನ ಟಿಇಎಂಗೆ ಎದುರಿಲ್ಲ. ಅದೇ ಹೈಡ್ರಿಲ್ಲಾ ಎಲೆ. ಮೇಜಿನ ಮೇಲೆ ಹಸಿರು ಉಂಡೆಯಾಗಿ ಓಡಾಡುತ್ತಿದ್ದ ಕ್ಲೋರೋಪ್ಲಾಸ್ಟ್ ಒಳಗೆ ಒಂದರ ಮೇಲೊಂದು ಪದರ, ಎಣಿಸಬಹುದು. ಜೀವಕೋಶದೊಳಗಿನ ಪೊರೆಗಳ ಜಾಲ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅದರ ಅಂಚಿಗೆ ರೈಬೋಸೋಮ್ ಚುಕ್ಕೆ, ಜೀವಕೋಶ ವಿಜ್ಞಾನಿ ಜಾರ್ಜ್ ಪಲಾಡೆ 1950ರ ದಶಕದಲ್ಲಿ ಗುರುತಿಸಿದ ಅದೇ ಚುಕ್ಕೆಗಳು. ಎಲ್ಲ ಕಪ್ಪು ಬಿಳುಪು, ಎಲ್ಲ ನಿಂತುಹೋಗಿದೆ. ಒಂದೇ ಜೀವಕೋಶದ ಎರಡೂ ಚಿತ್ರ ತಲೆಯಲ್ಲಿ ಇಟ್ಟುಕೊಂಡರೆ ಮಾತ್ರ ನನಗೆ ಅದು ಅರ್ಥ ಆದ ಹಾಗೆ ಅನಿಸುತ್ತದೆ.

ದುಡ್ಡು ಕಡಿಮೆ ಇದ್ದರೆ ಕಂಡೆನ್ಸರ್ ಸರಿಹೊಂದಿಸಲು ಬರುವ ಒಳ್ಳೆ ಲೈಟ್ ಮೈಕ್ರೋಸ್ಕೋಪ್ ತಗೊಳ್ಳಿ, ಆಗುವುದಾದರೆ ಬಣ್ಣ ಹಾಕದ ಜೀವಕೋಶವೂ ಎದ್ದು ಕಾಣುವಂತೆ ಮಾಡುವ ಫೇಸ್ ಕಾಂಟ್ರಾಸ್ಟ್ ಸೇರಿಸಿ. ಟಿಇಎಂ ಬಾಡಿಗೆಗೆ ಸಾಕು. ಆದರೆ ಬ್ಲಾಕ್ ಕತ್ತರಿಸುವ ಮೊದಲೇ ಅದರ ಗಂಟೆ ಬುಕ್ ಮಾಡಬೇಡಿ. ಟೊಲುಯಿಡಿನ್ ಬ್ಲೂ ಸ್ಲೈಡ್‌ನಲ್ಲಿ ಬೇಕಾದ ಜೀವಕೋಶ ಕಂಡು, ಗ್ರಿಡ್ ಮೇಲೆ ಬೆಳ್ಳಿ ಬಣ್ಣದ ಸೆಕ್ಷನ್ ಕೂತ ಮೇಲೆ ಮಾಡಿ. ಒಂದೆರಡು ಗ್ರಿಡ್ ಸ್ಟೇನ್ ಮಾಡದೆ ಎತ್ತಿಟ್ಟಿರಿ, ಚುಕ್ಕೆ ಬಂದರೆ ಮತ್ತೆ ಮೊದಲಿನಿಂದ ಶುರು ಮಾಡುವುದು ತಪ್ಪುತ್ತದೆ.