ಸ್ಪೀಕರ್ ಬಾಕ್ಸ್ ಮಾಡಿಸುವ ಮುಂಚೆ ಪ್ಲೈವುಡ್‌ನ ಅಂಚು ನೋಡಿ

ತುಮಕೂರಲ್ಲಿ ನಾಮಕರಣ, ಆರತಕ್ಷತೆ, ಗಣೇಶನ ಹಬ್ಬಕ್ಕೆಲ್ಲ ಸೌಂಡ್ ಬಾಡಿಗೆಗೆ ಕೊಡುತ್ತೇನೆ. ಹೋದ ವರ್ಷ 15 ಇಂಚಿನ ಎರಡು ಸ್ಪೀಕರ್‌ಗೆ ಬಾಕ್ಸ್ ಬೇಕಿತ್ತು. ರೆಡಿಮೇಡ್ ದುಬಾರಿ, ನಾವೇ ಮಾಡಿಸಿದರೆ ದುಡ್ಡು ಉಳಿಯುತ್ತೆ ಅಂದುಕೊಂಡೆ. ಉಳಿಯಲಿಲ್ಲ.

ಅಂಗಡಿಯವರು ತೋರಿಸಿದ ಶೀಟ್ ನೋಡೋಕೆ ಚೆನ್ನಾಗಿತ್ತು. ಮೇಲೆಲ್ಲ ನುಣ್ಣಗೆ, ‘710’ ಅಂತ ಮುದ್ರೆ ಬೇರೆ (ನೀರು ತಡೆಯುವ ‘ಮರೀನ್’ ಪ್ಲೈವುಡ್‌ಗೆ ಇರುವ ಭಾರತೀಯ ಮಾನದಂಡ ಐಎಸ್ 710, ಅದರ ನಂಬರ್ ಅದು). “ಮರೀನ್ ಸಾರ್, 18 ಎಂಎಂ, ಕಣ್ಣು ಮುಚ್ಕೊಂಡು ತಗೊಂಡೋಗಿ” ಅಂದರು. ಹಾಗೇ ಮಾಡಿದೆ. ಬಿಲ್ ಬೇಡ ಅಂದರೆ ಸ್ವಲ್ಪ ಕಡಿಮೆ ಆಗುತ್ತೆ ಅಂದರು, ಅದಕ್ಕೂ ತಲೆ ಆಡಿಸಿದೆ. ನಾಲ್ಕೂ ಅಂಚಿಗೆ ದಪ್ಪಗೆ ಕೆಂಪು ಬಣ್ಣ ಬಳಿದಿತ್ತು. ಯಾಕೆ ಅಂತ ಕೇಳಬೇಕಿತ್ತು.

ಗುಬ್ಬಿಯ ಒಂದು ಆರತಕ್ಷತೆಯಲ್ಲಿ ಶುರುವಾಯ್ತು ನೋಡಿ. ಹಾಡಿನಲ್ಲಿ ಬಾಸ್ ಒಂದು ಮಟ್ಟಕ್ಕೆ ಬಂದಾಗ ಮಾತ್ರ ಬಲಗಡೆ ಬಾಕ್ಸ್ ‘ಬರ್ರ್’ ಅನ್ನುತ್ತಿತ್ತು. ಸ್ಪೀಕರ್ ಒಳಗಿನ ತಂತಿ ಸುರುಳಿ (ಕಾಯಿಲ್) ಉಜ್ಜುತ್ತಿದೆ ಅಂತ ಬಿಚ್ಚಿ ಹೊಸ ಕೋನ್ ಹಾಕಿಸಿದೆ. ಮತ್ತೆ ಬರ್ರ್. ಎರಡೂ ಬಾಕ್ಸಿನ ಸ್ಪೀಕರ್ ಅದಲು ಬದಲು ಮಾಡಿ ನೋಡುವಷ್ಟು ಬುದ್ಧಿ ಬಂದಿದ್ದು ಆಮೇಲೆ. ಸ್ಪೀಕರ್ ಬದಲಾದರೂ ಸದ್ದು ಬಲಗಡೆ ಬಾಕ್ಸ್ ಬಿಟ್ಟು ಕದಲಲಿಲ್ಲ!

ಮೊಬೈಲ್‌ನಲ್ಲಿ ಟೋನ್ ಆ್ಯಪ್ ಹಾಕಿ ನಿಧಾನಕ್ಕೆ ಏರಿಸುತ್ತಾ ಹೋದೆ. 90 ಹರ್ಟ್ಜ್ ಹತ್ತಿರ ಅರಚಿತು. ಪಕ್ಕದ ಹಲಗೆಯ ಮೇಲೆ ಅಂಗೈ ಒತ್ತಿದೆ, ನಿಂತಿತು. ಕೈ ತೆಗೆದೆ, ಮತ್ತೆ ಶುರು. ಆಚಾರ್ರನ್ನು ಕರೆದು ಅಲ್ಲೇ ಕೊಯ್ಯಿಸಿದೆ. ಒಳಗಿನ ಪದರದಲ್ಲಿ ಎರಡು ಬೆರಳಗಲದ ಸಂದು. ಅಂಟು ಬಿಟ್ಟ ತೆಳು ಮರದ ಚೂರೊಂದು ಆ ಸಂದಿನಲ್ಲಿ ನಾಲಿಗೆ ಥರ ನೇತಾಡುತ್ತಿತ್ತು. ಅದೇ ಪೀಪಿ ಊದುತ್ತಿದ್ದದ್ದು. “ಅಣ್ಣ, ಇದು 18 ಅಲ್ಲವೇ ಅಲ್ಲ” ಅಂತ ಆಚಾರ್ರು ಅಳತೆ ಹಿಡಿದು ತೋರಿಸಿದರು. 16 ಕೂಡ ಸರಿಯಾಗಿ ಇರಲಿಲ್ಲ.

ಬೀರುವಿಗೆ ಇಂಥ ಶೀಟ್ ನಡೆದುಹೋಗುತ್ತೆ. ಸ್ಪೀಕರ್ ಬಾಕ್ಸಿನ ಪ್ರತಿ ಹಲಗೆಯೂ ಒಳಗಿನ ಗಾಳಿಯ ಒತ್ತಡಕ್ಕೆ ಅದುರುತ್ತೆ. ಸಂದು ಇದ್ದರೆ ಮುಚ್ಚಿಡೋಕೆ ಆಗಲ್ಲ.

ಈಗ ನಾನು ಶೀಟ್ ತರೋಕೆ ಹೋದರೆ ಬಣ್ಣ ಬಳಿದ ಅಂಚನ್ನು ಒಂದು ಕಡೆ ಕೊಯ್ಸಿ ಪದರ ನೋಡುತ್ತೇನೆ. ಬೆರಳಿನ ಗೆಣ್ಣಿನಿಂದ ಅಡ್ಡಡ್ಡ, ಉದ್ದುದ್ದ ತಟ್ಟುತ್ತಾ ಹೋಗುತ್ತೇನೆ. ಟೊಳ್ಳು ಇರುವ ಕಡೆ ಸದ್ದು ಬೇರೆಯೇ ಬರುತ್ತೆ. ಒಂದು ಚೂರು ಮನೆಗೆ ತಂದು ನೀರಲ್ಲಿ ಕುದಿಸುತ್ತೇನೆ (ಹಳೇ ಪಾತ್ರೆಯಲ್ಲಿ, ಇಲ್ಲಾಂದ್ರೆ ಮನೆಯಲ್ಲಿ ಬೈಗುಳ). ಐಎಸ್ 710ರ ನಿಜವಾದ ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ಮೋಸದ ಮಾಲು ಅಷ್ಟು ಹೊತ್ತೆಲ್ಲ ತಡೆಯಲ್ಲ. ಸುಮ್ನೆ ‘710’ ಮುದ್ರೆ ನಂಬಬೇಡಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ನಂಬರ್ (ತಯಾರಕರ ಲೈಸೆನ್ಸ್ ನಂಬರ್) ಇರಬೇಕು, ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಯಾಕೆ ಬೇಡ ಅಂತ ಕೇಳುತ್ತೀರಿ. ಮನೆಯಲ್ಲಿ ಒಂದೇ ಕಡೆ ಇಡೋದಾದರೆ ಧಾರಾಳವಾಗಿ ಮಾಡಿಸಿ. ಒಳಗೆ ಸಂದು ಇರಲ್ಲ, ಸದ್ದು ಶುದ್ಧ. ಆದರೆ 18 ಎಂಎಂನ ಒಂದು ಶೀಟ್ 40 ಕೆಜಿ ಹತ್ತಿರ ತೂಗುತ್ತೆ. ದಿನಾ ಟೆಂಪೋಗೆ ಹತ್ತಿಸಿ ಇಳಿಸೋರ ಸೊಂಟ ಕೇಳಿ ನೋಡಿ. ಸ್ಕ್ರೂ ನಾಲ್ಕು ಸಲ ಬಿಚ್ಚಿ ಹಾಕಿದರೆ ಹಿಡಿತ ಹೋಗುತ್ತೆ. ಕೊಯ್ಯುವಾಗ ಮೂಗಿಗೆ ಮಾಸ್ಕ್ ಬೇಕೇ ಬೇಕು.

ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಹತ್ತಿರಕ್ಕೂ ಹೋಗಬೇಡಿ. ಹಿಂದಿನ ಹಲಗೆ ತಾನೇ ಅಂತ ಎಡಗಡೆ ಬಾಕ್ಸಿಗೆ ಹಳೇ ಮೇಜಿನ ಬೋರ್ಡ್ ಹಾಕಿದ್ದೆ. ಗಣೇಶ ಬಿಡುವ ದಿನ ಅರ್ಧ ಗಂಟೆ ಮಳೆ. ಬೆಳಿಗ್ಗೆ ನೋಡಿದರೆ ಟೀಯಲ್ಲಿ ಅದ್ದಿದ ರಸ್ಕ್ ಥರ ಊದಿಕೊಂಡಿತ್ತು.

ಕೊಯ್ದ ಹಲಗೆಯನ್ನು ಅಂಗಡಿಗೇ ತಗೊಂಡು ಹೋದೆ. ಅಂಗಡಿಯವರು ಸಂದಿನ ಮೇಲೆ ಬೆರಳು ಆಡಿಸಿ ನೋಡಿ, “ಸ್ಪೀಕರ್‌ಗೆ ಅಂತ ಮೊದಲೇ ಹೇಳಬಾರದಿತ್ತಾ ಸಾರ್” ಅಂದರು. ಹೇಳಿದ್ದೆ. ಬಿಲ್ ಮಾತ್ರ ಇರಲಿಲ್ಲ.